ಅಂತರ್ಜಲವೂ ತೈಲದ ಕಳಂಕವೂ: ಒಂದು ಅಧ್ಯಯನ

ಶಬ್ದಮಣಿದರ್ಪಣದ ಸೂತ್ರಗಳನ್ನೂ ಛಂದಸ್ಸಿನ ಗಣವಿಭಾಗವನ್ನೂ ಮೂರು ದಶಕಗಳಿಂದ ಪಾಠ ಹೇಳುತ್ತ ಬಂದಿರುವ ಕನ್ನಡ ಪಂಡಿತನೊಬ್ಬನು ಪೆಟ್ರೋಲ್ ಟಾಕಿಯ ವಿಷಯವಾಗಿ ಲೇಖನಿಯನ್ನೆತ್ತಿದ್ದನ್ನು ಕಂಡು ವಾಚಕ ಮಹಾಶಯರಲ್ಲಿ ಕೆಲವರಿಗಾದರೂ ನಗೆ ಬಂದೀತು. ಆದುದರಿಂದ ಕಾರಣವನ್ನು ಮೊದಲಿಗೇ ನಿವೇದಿಸಿಕೊಳ್ಳುವುದು ಲೇಸು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ಶ್ರೀಮಠದ ಸದ್ಭಕ್ತರೂ ಆದ ಮಹನೀಯರೊಬ್ಬರು ಹೆದ್ದಾರಿಯ ಮಗ್ಗುಲಲ್ಲಿರುವ ತಮ್ಮ ನಿವೇಶನವನ್ನು ಪ್ರಸಾದ ನಿಲಯದ ಹೊಸ ಕಟ್ಟಡಕ್ಕೆಂದು ದಾನ ಕೊಡಲು ಮುಂದೆ ಬಂದಿದ್ದಾರೆ. ಆ ಸ್ಥಳದಲ್ಲಿ ಹಿಂದೆ ಬಹುವರ್ಷ ಪೆಟ್ರೋಲ್ ಬಂಕೊಂದು ನಡೆದಿತ್ತು. ಬಂಕು ಮುಚ್ಚಿತು, ನೆಲದೊಳಗಣ ಉಕ್ಕಿನ ಟಾಕಿಗಳನ್ನು ಎತ್ತಿಸಿ, ಗುಂಡಿಗೆ ಮುರುಮು ತುಂಬಿ, ಸಮತಟ್ಟು ಮಾಡಿದ್ದೂ ಆಯಿತು. ದಾನಿಗಳು ಈ ಸಂಗತಿಯನ್ನು ಮುಚ್ಚಿಡದೆ ತಾವಾಗಿಯೇ ಪೂಜ್ಯ ಶ್ರೀಗಳ ಸನ್ನಿಧಿಯಲ್ಲಿ ಅರಿಕೆ ಮಾಡಿ, “ಅಪ್ಪಾವರೇ, ಅಲ್ಲಿ ಕೊಳವೆ ಬಾವಿ ತೋಡಿಸಿ ಮಕ್ಕಳಿಗೆ ನೀರು ಕುಡಿಸಬಹುದೇ?” ಎಂದು ಕೇಳಿದರು. ಕೇಳಿದ್ದಲ್ಲದೆ, ನೆರೆಯ ಹೊಲದ ಕೊಳವೆ ಬಾವಿಯಿಂದ ಶ್ರಾವಣ ಮಾಸದಲ್ಲಿ ತೆಗೆಯಿಸಿದ ನೀರಿನ ವರದಿಯನ್ನೂ ಮುಂದಿರಿಸಿದರು. ಗಡಸುತನ, ಫ್ಲೋರೈಡು, ನೈಟ್ರೇಟು ಎಲ್ಲವೂ ಮಿತಿಯೊಳಗೇ ಇದ್ದವು; ಕೆಳಗಡೆ “ಕುಡಿಯಲು ಯೋಗ್ಯ” ಎಂಬ ಮುದ್ರೆಯಿತ್ತು. ಶ್ರೀಗಳು ಆ ಕಾಗದವನ್ನು ನನ್ನ ಕೈಗೆ ಕೊಟ್ಟು, “ಪಂಡಿತರೇ, ಅವಸರ ಬೇಡ, ಓದಿ ತಿಳಿದು ಹೇಳಿರಿ” ಎಂದು ಅಪ್ಪಣೆ ಮಾಡಿದರು. ನಮ್ಮ ವಿಜ್ಞಾನ ಅಧ್ಯಾಪಕರ ನೆರವಿನಿಂದ ಕೆಲವು ತಿಂಗಳು ಓದಿದ್ದರ ಸಾರವೇ ಈ ಲೇಖನ.

ನನ್ನ ವೃತ್ತಿಗೆ ಅಂಟಿದ ಗುಣದಿಂದ ಮೊದಲು ಶಬ್ದದ ಕಡೆಗೆ ನೋಡಿದೆನು. ನೀರಿನ ಮೇಲೆ ಕಣ್ಣಿಟ್ಟು ಕಾಯುವ ಈ ಕೆಲಸಕ್ಕೆ ನಾವು ಸಾಮಾನ್ಯವಾಗಿ ‘ಪರೀಕ್ಷೆ’ ಎನ್ನುತ್ತೇವೆ. ‘ಪರಿ’ ಎಂಬ ಉಪಸರ್ಗಕ್ಕೆ ಸುತ್ತಲೂ ಎಂದು ಅರ್ಥ. ‘ಈಕ್ಷ್’ ಧಾತುವಿಗೆ ನೋಡು ಎಂದು ಅರ್ಥ. ಎಲ್ಲ ದಿಕ್ಕಿನಿಂದಲೂ ಸುತ್ತಿ ನೋಡಿದರೆ ಮಾತ್ರ ಪರೀಕ್ಷೆ. ಒಂದು ಕಡೆಯಿಂದ ಇಣುಕಿದ್ದು ಬರಿಯ ಈಕ್ಷಣವಷ್ಟೆ. ಇನ್ನೊಂದು ಶಬ್ದ ‘ಪಹರೆ’. ಇದು ಹಿಂದೂಸ್ಥಾನಿಯ ಮುಖಾಂತರ ನಮ್ಮಲ್ಲಿಗೆ ಬಂದುದಾದರೂ ಮೂಲದಲ್ಲಿ ಸಂಸ್ಕೃತದ ‘ಪ್ರಹರ’ವೇ, ಹಗಲಿರುಳನ್ನು ಎಂಟು ಭಾಗ ಮಾಡಿದ ಯಾಮ. ಯಾಮಕ್ಕೊಮ್ಮೆ ಕಾವಲುಗಾರನು ಬದಲಾಗಿ ಮತ್ತೆ ಮತ್ತೆ ನೋಡುವುದರಿಂದ ಕಾವಲಿಗೆ ಪಹರೆಯೆಂದು ಹೆಸರಾಯಿತು. ಒಂದು ಶಬ್ದ ಸ್ಥಳದ ಮಾತನ್ನು ಹೇಳುತ್ತದೆ, ಇನ್ನೊಂದು ಕಾಲದ ಮಾತನ್ನು. ಹಳೆಯ ತೈಲದ ಟಾಕಿಯಿದ್ದ ನೆಲದ ನೀರಿಗೆ ಇವೆರಡೂ ಬೇಕು. ದಾನಿಗಳು ತಂದ ವರದಿಯಲ್ಲಿ ಎರಡೂ ಇರಲಿಲ್ಲ: ನೋಡಿದ್ದು ಒಂದೇ ಬಾವಿ, ಒಂದೇ ಸಲ. ಅದಕ್ಕೂ ಮಿಗಿಲಾಗಿ, ಆ ವರದಿಯು ಹುಡುಕಿದ ಪದಾರ್ಥಗಳಲ್ಲಿ ಪೆಟ್ರೋಲಿನ ಅಂಶಗಳೇ ಸೇರಿರಲಿಲ್ಲ. ಹುಡುಕದ ವಸ್ತು ಸಿಕ್ಕಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಇದು ಪ್ರಯೋಗಾಲಯದವರ ತಪ್ಪೂ ಅಲ್ಲ. ನಮ್ಮ ಸೀಮೆಯಲ್ಲಿ ಜನರು ಕೇಳುವುದು ಫ್ಲೋರೈಡಿನ ಲೆಕ್ಕವನ್ನೇ, ಅವರು ಕೊಡುವುದೂ ಅದನ್ನೇ.

ಇನ್ನು ನೆಲದೊಳಗೆ ಸೋರಿದ ಎಣ್ಣೆಯ ನಡವಳಿಕೆಯನ್ನು ನೋಡೋಣ. ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಮೂರೂ ನೀರಿಗಿಂತ ಹಗುರ. ಟಾಕಿಯ ಅಡಿಯಲ್ಲಿಯೋ ಕೊಳವೆಯ ಬೆಸುಗೆಯಲ್ಲಿಯೋ ತೂತು ಬಿದ್ದರೆ ಎಣ್ಣೆಯು ಮಣ್ಣಿನ ಸಂದುಗಳಲ್ಲಿ ಕೆಳಕೆಳಕ್ಕೆ ಇಳಿಯುತ್ತದೆ. ದಾರಿಯಲ್ಲಿ ಒಂದಷ್ಟು ಭಾಗ ಮಣ್ಣಿನ ಕಣಗಳಿಗೆ ಹತ್ತಿಕೊಂಡು ಉಳಿಯುತ್ತದೆ. ಒಂದಷ್ಟು ಆವಿಯಾಗಿ ಮೇಲಕ್ಕೇರುತ್ತದೆ. ಮಿಕ್ಕದ್ದು ಅಂತರ್ಜಲದ ಮಟ್ಟವನ್ನು ಮುಟ್ಟಿ ಅದರ ಮೇಲೆ ತೇಲುತ್ತ ಹರಡುತ್ತದೆ. ಇಷ್ಟಕ್ಕೇ ಮುಗಿದಿದ್ದರೆ ಸಾರಿನ ಮೇಲಣ ಎಣ್ಣೆಯನ್ನು ಸೌಟಿನಿಂದ ತೆಗೆವಂತೆ ತೆಗೆದುಬಿಡಬಹುದಾಗಿತ್ತು. ಆದರೆ ಪೆಟ್ರೋಲೆಂಬುದು ಒಂದೇ ವಸ್ತುವಲ್ಲ, ನೂರಾರು ರಾಸಾಯನಿಕಗಳ ಕೂಟ. ಅವುಗಳಲ್ಲಿ ಬೆಂಜೀನ್, ಟಾಲೂಯಿನ್ ಮೊದಲಾದ ಕೆಲವು ನೀರಿನಲ್ಲಿ ಕರಗುತ್ತವೆ. ಕರಗಿದ ಅಂಶವು ನೆಲದೊಳಗಣ ನೀರು ಹರಿಯುವ ದಿಕ್ಕಿನಲ್ಲಿ ಧೂಮಕೇತುವಿನಂತೆ ನೀಳವಾಗಿ ಚಾಚಿಕೊಳ್ಳುತ್ತದೆ. ಅದನ್ನು ‘ಕಲುಷಪುಚ್ಛ’ ಎಂದು ಗಂಭೀರವಾಗಿ ಕರೆಯಬಹುದಾದರೂ, ‘ಬಾಲ’ ಎಂದರೆ ಮಕ್ಕಳಿಗೂ ತಿಳಿದೀತು. ಈ ಬಾಲಕ್ಕೆ ಬಣ್ಣವಿಲ್ಲ. ತಲೆಯ ಹತ್ತಿರ ವಾಸನೆಯಿದ್ದರೂ ತುದಿಯಲ್ಲಿ ಅದೂ ಇರುವುದಿಲ್ಲ.

ಬೆಂಜೀನು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂಬುದು ಸ್ಥಿರಪಟ್ಟ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ, 5 ಮೈಕ್ರೋಗ್ರಾಂ ಮೀರಕೂಡದೆಂದು ಅಮೆರಿಕದ ಕಾನೂನೂ ಮಿತಿಯಿಟ್ಟಿವೆ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೋಗ್ರಾಂ. ನಮ್ಮ ಗಣಿತದ ಅಧ್ಯಾಪಕರು ಬೇಕಾದರೆ ತರಗತಿಯಲ್ಲಿ ಈ ಲೆಕ್ಕವನ್ನು ಕೊಡಬಹುದು: ಈಗಿನ ಭಾರತ್ ಆರನೆಯ ಹಂತದ ಪೆಟ್ರೋಲಿನಲ್ಲಿ ಗಾತ್ರಕ್ಕೆ ಶೇಕಡಾ 1ರವರೆಗೆ ಬೆಂಜೀನ್ ಇರಬಹುದು. ಹಾಗೆ ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 8.8 ಗ್ರಾಂ. ಅಷ್ಟೂ ನೀರಿನಲ್ಲಿ ಕರಗಿತೆಂದು ಇಟ್ಟುಕೊಂಡರೆ, ಹತ್ತು ಮೈಕ್ರೋಗ್ರಾಮಿನ ಮಿತಿಗೆ ತರಲು ಹೆಚ್ಚುಕಡಮೆ ಒಂಬತ್ತು ಲಕ್ಷ ಲೀಟರು ನೀರು ಬೇಕಾಗುತ್ತದೆ. ಹಿಂದಿನ ಕಾಲದ ಪೆಟ್ರೋಲಿನಲ್ಲಿ ಬೆಂಜೀನಿನ ಪಾಲು ಇದಕ್ಕಿಂತ ಹೆಚ್ಚಾಗಿತ್ತು. ಹಳೆಯ ಬಂಕುಗಳಿಂದ ಸೋರಿದ್ದು ಆ ಪೆಟ್ರೋಲು.

ಆದ್ದರಿಂದಲೇ ಇಂತಹ ನೆಲದಲ್ಲಿ ನೀರು ಕುಡಿಯುವುದಕ್ಕಲ್ಲದೆ ನೋಡುವುದಕ್ಕೆಂದೇ ಸಣ್ಣ ಬಾವಿಗಳನ್ನು ಕೊರೆಯುತ್ತಾರೆ. ಇವುಗಳನ್ನು ‘ಪಹರೆ ಬಾವಿ’ ಎನ್ನೋಣ. ಅಂಗೈಯಗಲದ ಕೊಳವೆ, ನೀರಿನ ಮಟ್ಟವು ಏರಿಳಿಯುವ ಭಾಗದಲ್ಲಿ ಮಾತ್ರ ಅದಕ್ಕೆ ಸಣ್ಣ ಸೀಳುಗಳು, ಹೊರಸುತ್ತಿಗೆ ಜರಡಿ ಹಿಡಿದ ಮರಳು, ಮೇಲುಭಾಗಕ್ಕೆ ಮಳೆಯ ನೀರು ಇಳಿಯದಂತೆ ಜೇಡಿ ಮತ್ತು ಸಿಮೆಂಟಿನ ಬಿರಡೆ. ಕನಿಷ್ಠ ಮೂರಾದರೂ ಬೇಕು, ಅವು ಒಂದೇ ಗೆರೆಯಲ್ಲಿರಬಾರದು. ಮೂರು ಬಾವಿಗಳ ನೀರಿನ ಮಟ್ಟವನ್ನು ಒಂದೇ ಆಧಾರದಿಂದ ಅಳೆದರೆ ನೆಲದೊಳಗಣ ನೀರು ಯಾವ ಕಡೆಗೆ ಇಳಿಜಾರಾಗಿದೆಯೆಂಬುದು ತ್ರಿಕೋನದಿಂದ ತಿಳಿಯುತ್ತದೆ. ಮೇಲುನೆಲದ ಇಳಿಜಾರನ್ನು ಕಂಡು ಒಳನೀರಿನ ಹಾದಿಯನ್ನು ಊಹಿಸುವವರುಂಟು. ಅದು ಕೆಲವು ಸಲ ನಿಜವಾಗುತ್ತದೆ, ಕೆಲವು ಸಲ ಕೈಕೊಡುತ್ತದೆ. ಹತ್ತಿರದಲ್ಲಿ ಯಾರಾದರೂ ದೊಡ್ಡ ಪಂಪು ಹಚ್ಚಿದರಂತೂ ನೀರು ತನ್ನ ಸಹಜವಾದ ದಿಕ್ಕನ್ನು ಬಿಟ್ಟು ಅತ್ತಲೇ ತಿರುಗುತ್ತದೆ, ಬಾಲವೂ ಅದರ ಬೆನ್ನು ಹತ್ತುತ್ತದೆ.

ನೀರು ತೆಗೆಯುವ ಬಗೆಯಲ್ಲಿಯೂ ಶಿಸ್ತಿದೆ. ಬಾವಿಯಲ್ಲಿ ನಿಂತು ಹಳಸಿದ ನೀರನ್ನು ತೆಗೆದುಕೊಳ್ಳುವಂತಿಲ್ಲ. ಮೆಲ್ಲಗೆ ಸೆಳೆದು, ಉಷ್ಣತೆಯೂ ಆಮ್ಲಜನಕದ ಪ್ರಮಾಣವೂ ಸ್ಥಿರವಾದ ಮೇಲೆ ಬರುವ ನೀರೇ ನೆಲದ ನೀರು. ಅದನ್ನು 40 ಮಿಲಿಲೀಟರಿನ ಗಾಜಿನ ಸೀಸೆಯಲ್ಲಿ ಅಂಚಿನ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ ಬಿರಡೆ ಹಾಕಬೇಕು. ತಲೆಕೆಳಗು ಮಾಡಿ ತಟ್ಟಿದರೆ ಒಳಗೆ ಒಂದು ಗಾಳಿಗುಳ್ಳೆಯೂ ಕಾಣಬಾರದು. ಏಕೆಂದರೆ ಬೆಂಜೀನು ಗುಳ್ಳೆಯೊಳಕ್ಕೆ ಆವಿಯಾಗಿ ಹಾರಿಕೊಳ್ಳುತ್ತದೆ, ಬಿರಡೆ ತೆಗೆದೊಡನೆ ಕೈಬಿಟ್ಟು ಹೋಗುತ್ತದೆ. ಕೆಲವು ಹನಿ ಆಮ್ಲ ಬೆರಸಿ, ಬರ್ಫದಲ್ಲಿಟ್ಟು, 14 ದಿನಗಳೊಳಗೆ ಪರೀಕ್ಷಿಸಬೇಕು. ಯಾರು ತುಂಬಿದರು, ಯಾರ ಕೈಯಿಂದ ಯಾರ ಕೈಗೆ ಯಾವ ಹೊತ್ತಿಗೆ ಹೋಯಿತೆಂಬುದನ್ನು ಕಾಗದದಲ್ಲಿ ಬರೆದಿಡಬೇಕು. ಪ್ಲಾಸ್ಟಿಕ್ ಕ್ಯಾನಿನಲ್ಲಿ ಅರ್ಧ ತುಂಬಿ ಬಸ್ಸಿನಲ್ಲಿ ಕಳಿಸಿದ ನೀರು ಪ್ರಯೋಗಾಲಯವನ್ನು ಮುಟ್ಟುವಷ್ಟರಲ್ಲಿ ಶುದ್ಧವೆಂದೇ ತೋರುತ್ತದೆ.

ಕಾಲದ ವಿಚಾರ ಇದಕ್ಕಿಂತಲೂ ಸೂಕ್ಷ್ಮವಾದುದು. ಬೇಸಗೆಯಲ್ಲಿ ಅಂತರ್ಜಲ ಇಳಿದಾಗ ತೇಲುವ ಎಣ್ಣೆಯೂ ಜೊತೆಯಲ್ಲಿಯೇ ಇಳಿದು ಮಣ್ಣಿಗೆ ಬಳಿದುಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಆ ಬಳಿದ ಎಣ್ಣೆ ನೀರಿನಡಿಯಲ್ಲಿ ಸಿಕ್ಕಿಬೀಳುತ್ತದೆ. ಮೇಲಿನಿಂದ ಇಳಿದ ಹೊಸ ನೀರು ಕಳಂಕವನ್ನು ತೆಳುಮಾಡುತ್ತದೆ. ಪುನಃ ಬೇಸಗೆ ಬಂದು ನೀರು ಇಳಿದರೆ, ಮಾಯವಾಗಿತ್ತೆಂದು ತಿಳಿದಿದ್ದ ಎಣ್ಣೆ ಪಹರೆ ಬಾವಿಯಲ್ಲಿ ಮತ್ತೆ ಕಾಣಿಸಿಕೊಳ್ಳುವುದುಂಟು. ಶ್ರಾವಣದ ಸೀಸೆಯನ್ನು ನಂಬಿ ವೈಶಾಖದ ನೀರನ್ನು ಕುಡಿಯುವುದು ಹೇಗೆ? ಮೂರು ತಿಂಗಳಿಗೊಮ್ಮೆಯಂತೆ ವರ್ಷವಿಡೀ ನೋಡುವ ರೂಢಿ ಅಮೆರಿಕದಲ್ಲಿ ಬೆಳೆದುದು ಈ ಕಾರಣಕ್ಕಾಗಿಯೇ. ಅಲ್ಲಿ ನೆಲದೊಳಗಣ ಟಾಕಿಗಳ ವಿಷಯದಲ್ಲಿ ಶಾಸನವಾದುದು 1984ರಲ್ಲಿ, ನಿಯಮಗಳು ಬಂದುದು 1988ರಲ್ಲಿ. ಆಮೇಲೆ ಸೋರಿದ್ದು ಖಚಿತವಾದ ಸ್ಥಳಗಳು ಐದು ಲಕ್ಷಕ್ಕೂ ಮೀರಿದವು. ಸೋರಿದವನು ಸಿಗದೆ ಹೋದಾಗ ಶುದ್ಧಿಯ ವೆಚ್ಚಕ್ಕೆಂದು ಗ್ಯಾಲನ್ನಿಗೆ ಒಂದು ಸೆಂಟಿನ ಹತ್ತನೆಯ ಒಂದು ಭಾಗದಷ್ಟು ತೆರಿಗೆಯನ್ನು 1986ರಲ್ಲಿ ಇಂಧನದ ಮೇಲೆ ವಿಧಿಸಿದರು. ಹನಿ ಹನಿ ಕೂಡಿಸುವ ಜಾಣ್ಮೆಯನ್ನು ನಮ್ಮ ದಾನಿಗಳು ಮೆಚ್ಚಿಯಾರು.

ಪೆಟ್ರೋಲ್ ಬಂಕಿನ ಟಾಕಿ ಸಣ್ಣದು. ಆದರೆ ಅದೇ ತತ್ತ್ವವು ಮಹಾಪ್ರಮಾಣದಲ್ಲಿ ಹೇಗೆ ನಡೆದೀತೆಂಬುದಕ್ಕೆ ಶಾಂತಮಹಾಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ ಒಂದು ದೃಷ್ಟಾಂತವಿದೆ. ನಾನು ಓದಿದವುಗಳಲ್ಲಿ ಮನಸ್ಸನ್ನು ಅತ್ಯಂತ ಹಿಡಿದು ನಿಲ್ಲಿಸಿದ್ದು ಇದೇ. ತುಸು ವಿಸ್ತಾರವಾಗಿ ಹೇಳುತ್ತೇನೆ.

ಹವಾಯಿಯ ದೇಶೀಯ ಭಾಷೆಯಲ್ಲಿ ನೀರಿಗೆ ‘ವೈ’ ಎಂದು ಹೆಸರು. ಅದನ್ನೇ ದ್ವಿರುಕ್ತಿ ಮಾಡಿ ‘ವೈವೈ’ ಎಂದರೆ ಸಂಪತ್ತು. ನಮ್ಮಲ್ಲಿ ದ್ವಿರುಕ್ತಿಯು ಆಧಿಕ್ಯವನ್ನು ಹೇಳುವಂತೆ ಅವರಲ್ಲಿ ನೀರಿನ ಮೇಲೆ ನೀರೇ ಐಶ್ವರ್ಯವಾಯಿತು. ಅವರ ಭಾಷೆಯಲ್ಲಿ ಕಾಯಿದೆಗೆ ‘ಕಾನಾವೈ’ ಎನ್ನುತ್ತಾರೆ. ಅಲ್ಲಿಯೂ ವೈ ಇದೆ. ಇದನ್ನು ನಮ್ಮ ‘ಕಾನೂನಿ’ನೊಡನೆ ತಳುಕುಹಾಕಿ ಸಂತೋಷಪಟ್ಟ ವಿದ್ಯಾರ್ಥಿಯೊಬ್ಬನನ್ನು ನಾನು ತಡೆಯಬೇಕಾಯಿತು. ನಮ್ಮ ಕಾನೂನು ಅರಬ್ಬಿಯಿಂದ ಬಂದುದು, ಅದಕ್ಕೂ ಹಿಂದೆ ಗ್ರೀಕಿನದು. ಧ್ವನಿಸಾಮ್ಯವನ್ನು ನೆಚ್ಚಿ ಮೋಸಹೋಗಬಾರದು.

ಆ ದ್ವೀಪಗಳಲ್ಲಿ ಹೊನೊಲುಲು ನಗರವಿರುವ ಓಆಹು ದ್ವೀಪದ ಅಂತರ್ಜಲವು ವಿಚಿತ್ರವಾದುದು. ಸಮುದ್ರದ ಉಪ್ಪುನೀರು ದ್ವೀಪದ ಬುಡದ ಕಲ್ಲಿನೊಳಗೆಲ್ಲ ಹೊಕ್ಕಿದೆ. ಮಳೆಯ ಸಿಹಿನೀರು ಅದಕ್ಕಿಂತ ಹಗುರವಾದುದರಿಂದ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲಿಕೊಂಡಿದೆ. ಸಮುದ್ರಮಟ್ಟದ ಮೇಲೆ ಒಂದಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರಿರುತ್ತದೆಂಬುದು ಲೆಕ್ಕ. ಈ ನೀರಿನಿಂದ ನೂರಡಿ ಮೇಲೆ, ಸ್ಥಳೀಯರು ಕಪೂಕಕೀ ಎಂದು ಕರೆಯುತ್ತಿದ್ದ ರೆಡ್ ಹಿಲ್ ಎಂಬ ಗುಡ್ಡದ ಹೊಟ್ಟೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ನೌಕಾದಳದವರು 20 ತೈಲದ ಟಾಕಿಗಳನ್ನು ಕಟ್ಟಿದರು. 1940ರ ಕೊನೆಯಲ್ಲಿ ಆರಂಭಿಸಿ 1943ರಲ್ಲಿ ಮುಗಿಸಿದ ಕೆಲಸ. ಒಂದೊಂದರ ಎತ್ತರ 250 ಅಡಿ, ಅಗಲ 100 ಅಡಿ. ವಿಜಯಪುರದ ಗೋಳಗುಮ್ಮಟಕ್ಕಿಂತಲೂ ಎತ್ತರ. ಒಂದೊಂದರಲ್ಲಿ ನಾಲ್ಕೂಮುಕ್ಕಾಲು ಕೋಟಿ ಲೀಟರಿನಷ್ಟು ಎಣ್ಣೆ ಹಿಡಿಯುತ್ತಿತ್ತು. ಶತ್ರುವಿಮಾನಗಳ ಕಣ್ಣಿಗೆ ಬೀಳಬಾರದೆಂಬ ಉದ್ದೇಶ ನೆರವೇರಿತು. ಆದರೆ ಕಟ್ಟಿದವರ ಕಣ್ಣಿಗೂ ಅವು ಬೀಳದಂತಾದವು.

2014ರ ಜನವರಿಯಲ್ಲಿ ರಿಪೇರಿ ಮುಗಿಸಿ ಮತ್ತೆ ತುಂಬಿದ ಐದನೆಯ ಟಾಕಿಯಿಂದ ಸುಮಾರು ಒಂದು ಲಕ್ಷ ಲೀಟರು ವಿಮಾನ ಇಂಧನ ಸೋರಿತು. 2015ರಲ್ಲಿ ಸರಕಾರದ ಪರಿಸರ ಇಲಾಖೆಗಳೂ ನೌಕಾದಳವೂ ಒಂದು ಒಪ್ಪಂದಕ್ಕೆ ಬಂದು, ಟಾಕಿಗಳನ್ನು ಸುಧಾರಿಸುವುದೆಂದೂ ಪಹರೆ ಬಾವಿಗಳನ್ನು ಹೆಚ್ಚಿಸುವುದೆಂದೂ ಗೊತ್ತುಮಾಡಿದರು. ನಗರದ ನೀರು ಸರಬರಾಜು ಮಂಡಳಿಯ ಮುಖ್ಯ ಇಂಜಿನಿಯರರಾದ ಅರ್ನೆಸ್ಟ್ ಲಾವ್ ಎಂಬವರು ಇಷ್ಟರಿಂದ ಸಾಲದು, ನೀರಿನ ತಲೆಯ ಮೇಲೆ ಎಣ್ಣೆಯಿಡುವುದೇ ಸಲ್ಲದೆಂದು ವರ್ಷಾನುಗಟ್ಟಲೆ ಹೇಳುತ್ತ ಬಂದರು. ಗುಡ್ಡದಡಿಯ ನೀರು ಯಾವ ದಿಕ್ಕಿಗೆ ಹರಿಯುತ್ತದೆಂಬುದೇ ವಾದದ ಗಂಟಾಯಿತು. ಸಮುದ್ರದ ಕಡೆಗೆ, ತಮ್ಮದೇ ಜಲಾಗಾರದ ಕಡೆಗೆ ಎಂದು ನೌಕಾದಳದವರ ಲೆಕ್ಕ. ಅಡ್ಡಲಾಗಿ ಹಾಲಾವ ಕಣಿವೆಯ ಕಡೆಗೆ, ನಗರದ ಬಾವಿಯತ್ತ ಹರಿಯಲೂಬಹುದೆಂದು ಮಂಡಳಿಯವರ ಸಂಶಯ. ಪಹರೆ ಬಾವಿಗಳು ವಿರಳವಾಗಿದ್ದುದರಿಂದ ಯಾರ ಮಾತನ್ನೂ ಪೂರ್ಣವಾಗಿ ಸ್ಥಾಪಿಸುವಂತಿರಲಿಲ್ಲ.

2021ರ ಮೇ 6ರಂದು ಎಣ್ಣೆ ಸಾಗಿಸುವಾಗ ಕೊಳವೆ ಒಡೆಯಿತು. ಸೋರಿದ್ದು ಸುಮಾರು 6 ಸಾವಿರ ಲೀಟರು, ಹೆಚ್ಚುಕಡಮೆ ಎಲ್ಲವನ್ನೂ ಬಳಿದು ತೆಗೆದೆವು ಎಂದು ಆಗ ವರದಿಯಾಯಿತು. ನಿಜವಾಗಿ ಸೋರಿದ್ದು 75 ಸಾವಿರ ಲೀಟರಿನಷ್ಟು. ಬಹುಭಾಗ ಎಣ್ಣೆಯು ಬೆಂಕಿ ನಂದಿಸುವ ವ್ಯವಸ್ಥೆಯ ಬಚ್ಚಲ ಕೊಳವೆಯೊಳಕ್ಕೆ ಸೇರಿ ಆರು ತಿಂಗಳು ಅಲ್ಲಿಯೇ ಕುಳಿತಿತ್ತು; ಲೆಕ್ಕಕ್ಕೆ ಬಾರದ ಎಣ್ಣೆ ಎಲ್ಲಿ ಹೋಯಿತೆಂದು ಯಾರೂ ಬೆನ್ನುಹತ್ತಿ ಹುಡುಕಲಿಲ್ಲ. ನವೆಂಬರ್ 20ರಂದು ಸುರಂಗದಲ್ಲಿ ಓಡಾಡುವ ಗಾಡಿಯೊಂದು ಆ ಕೊಳವೆಯ ಕೀಲಿಗೆ ತಾಗಿತು. ಎಣ್ಣೆ ಧುಮ್ಮಿಕ್ಕಿ ಹರಿದು, ಕೊನೆಗೆ ನೌಕಾದಳದ್ದೇ ಆದ ಜಲಾಗಾರವನ್ನು ಸೇರಿತು. ಈ ಜಲಾಗಾರವು ನಮ್ಮ ವಿಜಯಪುರ, ಬೀದರಗಳ ಸುರಂಗ ಬಾವಿಗಳನ್ನು ನೆನಪಿಗೆ ತರುವಂತಹುದು. ನೀರಿನ ಮಟ್ಟದಲ್ಲಿಯೇ ಅಡ್ಡಲಾಗಿ ಕೊರೆದ ಸುರಂಗ, ಅದರೊಳಕ್ಕೆ ಜಿನುಗಿ ಬರುವ ನೀರು. ಅಲ್ಲಿಂದ ಸುಮಾರು 93 ಸಾವಿರ ಜನರಿಗೆ ನೀರು ಹೋಗುತ್ತಿತ್ತು.

ಒಂದು ವಾರದೊಳಗೆ ಮನೆಗಳ ನಲ್ಲಿಯಲ್ಲಿ ಸೀಮೆಎಣ್ಣೆಯ ವಾಸನೆ ಬರತೊಡಗಿತು. ತಲೆನೋವು, ವಾಂತಿ, ಮೈಮೇಲೆ ಗಂಧೆ. ಸಾವಿರಾರು ಕುಟುಂಬಗಳು ಮನೆ ತೊರೆದು ವಸತಿಗೃಹಗಳನ್ನು ಸೇರಬೇಕಾಯಿತು. ಈ ಪ್ರಸಂಗದಲ್ಲಿ ಗಮನಿಸಬೇಕಾದುದು, ಕಳಂಕವನ್ನು ಎಲ್ಲರಿಗೂ ಸಾರಿದವರು ತಾಯಂದಿರು, ಅಡಿಗೆಮನೆಯ ಮೂಗಿನಿಂದ. ಪಹರೆಯವನು ಮಲಗಿದ್ದಾಗ ಮನೆಯವರೇ ಕಳ್ಳನನ್ನು ಹಿಡಿದಂತಾಯಿತು. ಆ ಜಲಾಗಾರದ ನೀರಿನಲ್ಲಿ ಡೀಸೆಲ್ ವರ್ಗದ ತೈಲಾಂಶವು ಆ ರಾಜ್ಯದ ಆರೋಗ್ಯ ಇಲಾಖೆಯ ಮಿತಿಗಿಂತ 350 ಪಾಲು ಹೆಚ್ಚಾಗಿದ್ದುದು ಡಿಸೆಂಬರಿನಲ್ಲಿ ತಿಳಿದುಬಂತು. ನಗರದ ಮಂಡಳಿಯವರು ತಮ್ಮ ಹಾಲಾವ ಜಲಾಗಾರವನ್ನು ಆ ತಿಂಗಳ ಆರಂಭದಲ್ಲಿಯೇ ನಿಲ್ಲಿಸಿಬಿಟ್ಟಿದ್ದರು. ಅದರ ನೀರಿನಲ್ಲಿ ಎಣ್ಣೆ ಕಂಡದ್ದರಿಂದಲ್ಲ. ತಾವು ಪಂಪು ಹಚ್ಚಿದರೆ ಗುಡ್ಡದಡಿಯ ಎಣ್ಣೆಯನ್ನು ತಮ್ಮ ಕಡೆಗೆ ತಾವೇ ಎಳೆದುಕೊಂಡಂತಾದೀತೆಂಬ ಮುನ್ನೆಚ್ಚರಿಕೆಯಿಂದ. ಹೊನೊಲುಲು ನಗರದ ನೀರಿನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕೊಡುತ್ತಿದ್ದ ಬಾವಿಯದು. ಅಷ್ಟು ನೀರನ್ನು ಬಿಟ್ಟುಕೊಟ್ಟು ಜನರಿಗೆ ಮಿತವ್ಯಯ ಮಾಡಿರೆಂದು ಕೈಮುಗಿಯುವ ಧೈರ್ಯ ಎಲ್ಲ ಅಧಿಕಾರಿಗಳಿಗೂ ಇರುವುದಿಲ್ಲ.

2022ರ ಮಾರ್ಚ್ 7ರಂದು ಆ ಟಾಕಿಗಳನ್ನು ಶಾಶ್ವತವಾಗಿ ಮುಚ್ಚುವ ನಿರ್ಣಯವನ್ನು ಅಮೆರಿಕದ ರಕ್ಷಣಾ ಕಾರ್ಯದರ್ಶಿಯವರು ಪ್ರಕಟಿಸಿದರು. 2023ರ ಅಕ್ಟೋಬರಿನಲ್ಲಿ ಎಣ್ಣೆ ಇಳಿಸಲು ತೊಡಗಿ, ಮರುವರ್ಷದ ಮಾರ್ಚಿಯೊಳಗೆ ಸುಮಾರು 39 ಕೋಟಿ ಲೀಟರನ್ನು ತೆಗೆದು ಸಾಗಿಸಿದರು. ಟಾಕಿ ಬರಿದಾಯಿತು. ಆದರೆ ಬರಿದಾದ ಮೇಲೂ ಹೊಸ ಹೊಸ ಪಹರೆ ಬಾವಿಗಳನ್ನು ಕೊರೆಯುವುದೂ ನೀರನ್ನು ಮತ್ತೆ ಮತ್ತೆ ನೋಡುವುದೂ ನಡೆದೇ ಇದ್ದವು. ಏಕೆಂದರೆ ಟಾಕಿಯ ಎಣ್ಣೆಗೆ ಬಾಗಿಲಿತ್ತು, ಕಲ್ಲಿನ ಬಿರುಕನ್ನು ಹೊಕ್ಕ ಎಣ್ಣೆಗೆ ಬಾಗಿಲಿಲ್ಲ.

ಆ ಕಲ್ಲಿನ ವಿಷಯದಲ್ಲಿ ನಮಗೊಂದು ನೆಂಟಸ್ತನವುಂಟು. ಹವಾಯಿ ದ್ವೀಪಗಳು ಜ್ವಾಲಾಮುಖಿಯ ಕರಗಿದ ಕಲ್ಲು ಪದರಪದರವಾಗಿ ಹರಿದು ಹೆಪ್ಪುಗಟ್ಟಿ ಆದವು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಯ ಕರಿಯ ಕಲ್ಲೂ ಅದೇ ಜಾತಿಯದು. ಅದು ಆರೂವರೆ ಕೋಟಿ ವರ್ಷಗಳಷ್ಟು ಹಿಂದಿನ ಲಾವಾ ಎಂಬುದಷ್ಟೇ ವ್ಯತ್ಯಾಸ. ಇಂತಹ ನೆಲದಲ್ಲಿ ನೀರು ಮರಳಿನಲ್ಲಿ ಹರಡಿದಂತೆ ಸಮವಾಗಿ ಹರಡುವುದಿಲ್ಲ. ಒಂದು ಹರಿವಿಗೂ ಇನ್ನೊಂದು ಹರಿವಿಗೂ ನಡುವಣ ಸಡಿಲ ಪದರ, ನೆಟ್ಟಗೆ ಸೀಳಿದ ಬಿರುಕು, ಮುರಿಕಲ್ಲಿನ ಸಂದು. ಎಲ್ಲಿ ದಾರಿ ಸಿಕ್ಕರೆ ಅಲ್ಲಿ ನುಗ್ಗುತ್ತದೆ. ಅಕ್ಕಪಕ್ಕದ ಎರಡು ಕೊಳವೆ ಬಾವಿಗಳಲ್ಲಿ ಒಂದಕ್ಕೆ ಮೂರಿಂಚು ನೀರು ಬಿದ್ದು ಇನ್ನೊಂದಕ್ಕೆ ಬರಿ ದೂಳು ಹಾರುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಎಣ್ಣೆಗೂ ಅದೇ ನ್ಯಾಯ. ನೆರೆಹೊಲದ ಬಾವಿ ಶುದ್ಧವಾಗಿರುವುದರಿಂದ ನಮ್ಮ ನಿವೇಶನದ ನೀರೂ ಶುದ್ಧವೆಂದು ಅನುಮಾನಪ್ರಮಾಣದಿಂದ ಸಾಧಿಸಲು ಹೋದರೆ ವ್ಯಾಪ್ತಿಯೇ ಇಲ್ಲದ ಹೇತುವಾದೀತು. ಇನ್ನೂ ಒಂದು ಅಪಾಯವಿದೆ. ಮೇಲುಪದರದ ಮಣ್ಣಿನಲ್ಲಿ ಎಣ್ಣೆ ನಿಂತಿರುವ ಕಡೆ ಅರಿಯದೆ ಐನೂರು ಅಡಿ ಕೊರೆದರೆ, ಆ ಕೊರೆದ ತೂತೇ ಕಳಂಕವನ್ನು ಆಳದ ಶುದ್ಧನೀರಿಗೆ ಇಳಿಸುವ ಏಣಿಯಾಗುತ್ತದೆ.

ಎಣ್ಣೆಯನ್ನು ನೆಲದೊಳಗಿಡುವುದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ನಮ್ಮದೇ ಕರಾವಳಿಯ ಮಂಗಳೂರಿನಲ್ಲಿ 15 ಲಕ್ಷ ಟನ್ನು, ಪಾದೂರಿನಲ್ಲಿ 25 ಲಕ್ಷ ಟನ್ನು ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಅವು ಅಂತರ್ಜಲದ ಮಟ್ಟಕ್ಕಿಂತ ಕೆಳಗಿವೆ. ಸುತ್ತಲ ನೀರಿನ ಒತ್ತಡವು ಒಳಮುಖವಾಗಿರುವುದರಿಂದ ನೀರು ಒಳಕ್ಕೆ ಜಿನುಗೀತೇ ಹೊರತು ಎಣ್ಣೆ ಹೊರಕ್ಕೆ ಬಾರದೆಂಬುದು ಅದರ ತತ್ತ್ವ. ರೆಡ್ ಹಿಲ್ಲಿನಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ. ಇಲ್ಲಿ ನೀರೇ ಎಣ್ಣೆಗೆ ಕೋಟೆ. ಆದರೆ ಆ ಕೋಟೆ ಬತ್ತದಂತೆ ನೀರಿನ ಮಟ್ಟವನ್ನು ಸದಾ ಕಾಯಬೇಕಾಗುವುದರಿಂದ ಅಲ್ಲಿಯೂ ಪಹರೆ ತಪ್ಪಿದ್ದಲ್ಲ.

ಇಷ್ಟು ಓದಿದ ದಾನಿಗಳಿಗೆ ಗಾಬರಿಯಾದೀತೆಂದು ಸಮಾಧಾನದ ಮಾತೊಂದನ್ನೂ ಹೇಳಬೇಕು. ನೆಲದಲ್ಲಿರುವ ಸೂಕ್ಷ್ಮಜೀವಿಗಳು ಪೆಟ್ರೋಲಿನ ಅಂಶಗಳನ್ನು ತಿಂದು ಅರಗಿಸಬಲ್ಲವು. ಮೊದಲು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಅದು ತೀರಿದರೆ ನೈಟ್ರೇಟು, ಆಮೇಲೆ ಕಬ್ಬಿಣ, ಸಲ್ಫೇಟು. ಕಟ್ಟಕಡೆಗೆ ಮೀಥೇನ್ ಅನಿಲವನ್ನು ಬಿಡುತ್ತವೆ. ಆದುದರಿಂದ ಪಹರೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಮೆಯಾಗಿ ಕರಗಿದ ಕಬ್ಬಿಣ ಹೆಚ್ಚಿದ್ದರೆ ಕೆಳಗೆ ಭೋಜನ ನಡೆದಿದೆಯೆಂದು ತಿಳಿಯಬಹುದು. ಕ್ಯಾಲಿಫೋರ್ನಿಯದ ಸೋರಿದ ಟಾಕಿಗಳನ್ನು ಕುರಿತು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 1995ರಲ್ಲಿ ನಡೆಸಿದ ಅಧ್ಯಯನದಲ್ಲಿ, ಬೆಂಜೀನಿನ ಬಾಲವು ಬಹುಪಾಲು ಸ್ಥಳಗಳಲ್ಲಿ 250 ಅಡಿಗಳಷ್ಟರೊಳಗೇ ನಿಂತುಬಿಡುವುದೆಂದು ಕಂಡುಬಂದಿತು. ಇದನ್ನು ಓದಿ ಹಿಗ್ಗಿದವರಿಗೆ ಮರುವರ್ಷವೇ ಬೇರೊಂದು ಪಾಠ ಕಾದಿತ್ತು. ಹೊಗೆ ಕಡಮೆಯಾಗಲೆಂದು ಪೆಟ್ರೋಲಿಗೆ ಬೆರಸುತ್ತಿದ್ದ ಎಂಟಿಬಿಇ ಎಂಬ ಪದಾರ್ಥವು ಸೂಕ್ಷ್ಮಜೀವಿಗಳಿಗೆ ಅಷ್ಟು ಸುಲಭವಾಗಿ ಒಗ್ಗದು, ನೀರಿನಲ್ಲಿಯಂತೂ ಧಾರಾಳವಾಗಿ ಕರಗುತ್ತದೆ. 1996ರಲ್ಲಿ ಸಾಂತಾ ಮೋನಿಕಾ ನಗರದ ಬಾವಿಗಳನ್ನು ಅದು ಮುಟ್ಟಿ, ಆ ನಗರವು ತನ್ನ ನೀರಿನ ಸುಮಾರು ಅರ್ಧಭಾಗವನ್ನು ಕಳೆದುಕೊಂಡಿತು. ಮರಳಿನ ನೆಲದಲ್ಲಿ ಕಂಡ 250 ಅಡಿಯ ಮಾತು ಬಿರುಕುಗಲ್ಲಿನ ನಮ್ಮ ನೆಲಕ್ಕೆ ಹಾಗೆಯೇ ಅನ್ವಯಿಸುವುದೂ ಇಲ್ಲ. ಪ್ರಕೃತಿಯು ತೊಳೆಯುತ್ತದೆ, ತೊಳೆದಿದೆಯೋ ಇಲ್ಲವೋ ಎಂಬುದನ್ನು ಅಳೆದೇ ನೋಡಬೇಕು.

ನಮ್ಮ ದೇಶದ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯವರು 2020ರಲ್ಲಿ ಹೊರಡಿಸಿದ ಸೂಚನೆಯಂತೆ ಹೊಸ ಪೆಟ್ರೋಲ್ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ ಸಾಮಾನ್ಯವಾಗಿ 50 ಮೀಟರು ದೂರವಿರಬೇಕು. ಬಂಕು ಶಾಲೆಯ ಬಳಿಗೆ ಬಾರದಂತೆ ತಡೆಯುವ ನಿಯಮವಿದು. ಬಂಕಿದ್ದ ಕಡೆಗೆ ಶಾಲೆಯೇ ಹೋಗುವಾಗ ನಾವೇ ನಿಯಮ ಮಾಡಿಕೊಳ್ಳಬೇಕಾಗುತ್ತದೆ. ಕೆರೆ ಕಟ್ಟಿಸುವುದನ್ನು ಕಾಯಕವಾಗಿ ಕೈಕೊಂಡ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪರಂಪರೆಯನ್ನು ಹೇಳಿಕೊಳ್ಳುವ ಸಂಸ್ಥೆ ನಮ್ಮದು. ಪ್ರಸಾದ ನಿಲಯದಲ್ಲಿ ಉಣ್ಣುವ ಮಕ್ಕಳು ತಂದೆತಾಯಿಗಳಿಂದ ದೂರವಿದ್ದು, ನಾವು ಕೊಟ್ಟ ನೀರನ್ನು ಕೇಳದೆ ಕುಡಿಯುವವರು.

ನಾನು ಓದಿದ್ದನ್ನು ಶ್ರೀಗಳ ಸನ್ನಿಧಿಯಲ್ಲಿ ದಾನಿಗಳ ಸಮಕ್ಷಮ ನಿವೇದಿಸಿದೆನು. ಒಂದು ಬಾವಿಯ ವರದಿಯನ್ನು ಅಲ್ಲಗಳೆದರೆ ದಾನಿಗಳಿಗೆ ನೋವಾದೀತೆಂಬ ಅಳುಕು ನನ್ನಲ್ಲಿತ್ತು. ಅವರು ನೊಂದುಕೊಳ್ಳಲಿಲ್ಲ, ಟಾಕಿಗಳು ಎಲ್ಲೆಲ್ಲಿ ಹೂತಿದ್ದವೆಂಬುದನ್ನು ನೆನಪಿನಿಂದ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಕೆಳಗಿನ ಮೂಲೆಯ ಟಾಕಿಯನ್ನು ಎತ್ತಿದ ದಿನ ಅದರಡಿಯ ಮಣ್ಣು ಕಪ್ಪಾಗಿ ವಾಸನೆ ಹೊಡೆಯುತ್ತಿತ್ತೆಂದೂ, ಆಗ ಯಾರೂ ಅದಕ್ಕೆ ಬೆಲೆಗೊಡಲಿಲ್ಲವೆಂದೂ ಹೇಳಿದರು. ಆ ಮಾತಿನಿಂದ ನಮ್ಮ ಮೊದಲನೆಯ ಪಹರೆ ಬಾವಿಯ ಸ್ಥಳ ನಿಶ್ಚಯವಾಯಿತು. ಉಳಿದೆರಡನ್ನು ಭೂಗರ್ಭಶಾಸ್ತ್ರ ಬಲ್ಲವರು ಬಂದು ನೋಡಿ ಗೊತ್ತುಮಾಡುವರು. ಮೂರು ಬಾವಿಗಳ ವೆಚ್ಚವನ್ನು ದಾನಿಗಳು ತಾವೇ ವಹಿಸಿಕೊಂಡಿದ್ದಾರೆ. ಮಟ್ಟವನ್ನು ಅಳೆದು ಬರೆದಿಡುವ ಪುಸ್ತಕ ನಮ್ಮ ವಿಜ್ಞಾನ ಅಧ್ಯಾಪಕರ ವಶದಲ್ಲಿರುತ್ತದೆ. ನೀರು ತುಂಬುವ ಗಾಜಿನ ಸೀಸೆಗಳನ್ನು, ಪೆಟ್ರೋಲಿನ ಅಂಶಗಳನ್ನು ಅಳೆಯಬಲ್ಲ ಪ್ರಯೋಗಾಲಯದಿಂದಲೇ ತರಿಸಬೇಕಾಗಿದೆ. ಮೊದಲನೆಯ ಸಲದ ನೀರನ್ನು ಬರುವ ವೈಶಾಖದಲ್ಲಿ, ಸುತ್ತಲ ಬಾವಿಗಳೆಲ್ಲ ಬುಡ ಕಾಣುವ ದಿನಗಳಲ್ಲಿ ತೆಗೆಯುವುದೆಂದು ತೀರ್ಮಾನವಾಗಿದೆ. ಅನಂತರ ಮೂರು ತಿಂಗಳಿಗೊಮ್ಮೆ. ವರ್ಷ ತುಂಬುವವರೆಗೆ ಅಲ್ಲಿ ಕೊಳವೆ ಬಾವಿಯನ್ನು ಕೊರೆಯಿಸುವುದಿಲ್ಲ. ಪ್ರಸಾದ ನಿಲಯಕ್ಕೆ ಮಠದ ಹಳೆಯ ಸೇದು ಬಾವಿಯ ನೀರೇ ನಡೆಯಲಿದೆ.